ಹಳೆಯ ಟ್ರ್ಯಾಕ್ಟರಿಗೆ ಡ್ರಾಬಾರ್ ಕೂರಿಸುವಾಗ ಮೊದಲು ಎತ್ತರ ನೋಡಿ

ಪ್ರಶ್ನೆ: 1951ರ ಫರ್ಗುಸನ್ ಟಿಇ20 ಟ್ರ್ಯಾಕ್ಟರೊಂದನ್ನು ಪೂರ್ತಿ ಬಿಚ್ಚಿ, ಎಂಜಿನ್ ಕೆಲಸ ಮಾಡಿಸಿ, ಬಣ್ಣ ಹೊಡೆಸಿ ಓಡುವ ಸ್ಥಿತಿಗೆ ತಂದಿದ್ದೇನೆ. ಹಿಂದೆ ಎರಡು ಲೋವರ್ ಲಿಂಕ್ (ಉಪಕರಣ ಹಿಡಿಯುವ ಕೆಳಗಿನ ತೋಳುಗಳು) ಬಿಟ್ಟರೆ ಬೇರೇನೂ ಇಲ್ಲ, ಟ್ರೇಲರ್ ಸಿಕ್ಕಿಸುವ ಡ್ರಾಬಾರ್ ಎಂದೋ ಕಳೆದುಹೋಗಿದೆ. ಎರಡು ಚಕ್ರದ ಸಣ್ಣ ಟ್ರೇಲರ್ ಎಳೆಯಬೇಕು. ವೆಲ್ಡಿಂಗ್‌ನವರು "ಟಾಪ್ ಲಿಂಕ್ (ಮೇಲಿನ ಮೂರನೇ ತೋಳು) ಕೂರುವ ಜಾಗಕ್ಕೇ 20 ಮಿ.ಮೀ. ಪ್ಲೇಟು ಹಾಕಿ ತೂತು ಕೊರೆದು ಕೊಡ್ತೀನಿ, ಜನ್ಮದಲ್ಲಿ ಮುರಿಯಲ್ಲ" ಎನ್ನುತ್ತಾರೆ. ಮಾಡಿಸಲೇ?

ಉತ್ತರ: ಖಂಡಿತ ಬೇಡ. ಪ್ಲೇಟು ಮುರಿಯುವುದಿಲ್ಲ ಎಂಬ ಅವರ ಮಾತು ನಿಜವೇ ಇರಬಹುದು. ಆದರೆ ಅಷ್ಟು ಎತ್ತರದಲ್ಲಿ ಎಳೆತ ಕೊಟ್ಟಾಗ ಮೊದಲು ಏಳುವುದು ಟ್ರ್ಯಾಕ್ಟರಿನ ಮೂತಿ. ಪ್ಲೇಟು ಎಷ್ಟು ಗಟ್ಟಿ ಇದ್ದರೂ ಅದನ್ನು ತಡೆಯುವುದಿಲ್ಲ.

ಲೆಕ್ಕ ಸರಳವಾಗಿದೆ. ನಿಮ್ಮ ಟ್ರ್ಯಾಕ್ಟರಿನ ತೂಕ ಸುಮಾರು 1,130 ಕೆ.ಜಿ. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವಿನ ಅಂತರ 70 ಇಂಚು, ಅಂದರೆ 1.78 ಮೀಟರ್. ಈ ಬಗೆಯ ಹಳೆಯ ಟ್ರ್ಯಾಕ್ಟರುಗಳಲ್ಲಿ ತೂಕದ ಮೂರನೇ ಒಂದು ಪಾಲು ಮುಂದಿನ ಚಕ್ರಗಳ ಮೇಲಿರುತ್ತದೆ ಎಂದಿಟ್ಟುಕೊಂಡರೆ ಮುಂದೆ 370 ಕೆ.ಜಿ.ಯಷ್ಟು ಇದೆ. ಲೋಡಾದ ಟ್ರೇಲರನ್ನು ಏರಿನಲ್ಲಿ ಹೊರಡಿಸುವಾಗ ಹಿಚ್ (ಟ್ರೇಲರ್ ಸಿಕ್ಕಿಸುವ ಜಾಗ) ಮೇಲೆ 600 ಕೆ.ಜಿ. ಎಳೆತ ಬಿತ್ತು ಎನ್ನಿ. ಈ ಎಳೆತವನ್ನು ಹಿಚ್ಚಿನ ಎತ್ತರದಿಂದ ಗುಣಿಸಿ, ಆಕ್ಸಲ್ ಅಂತರದಿಂದ ಭಾಗಿಸಿದರೆ ಮುಂದಿನ ಚಕ್ರಗಳ ಮೇಲಿಂದ ಎಷ್ಟು ಭಾರ ಹಾರುತ್ತದೆ ಎಂಬುದು ಸಿಗುತ್ತದೆ. ಹಿಚ್ ನೆಲದಿಂದ 40 ಸೆಂ.ಮೀ. ಎತ್ತರದಲ್ಲಿದ್ದರೆ ಹಾರುವುದು 135 ಕೆ.ಜಿ. ಅದೇ 85 ಸೆಂ.ಮೀ.ನಲ್ಲಿದ್ದರೆ 285 ಕೆ.ಜಿ. ದಾಟುತ್ತದೆ. ಟ್ರೇಲರಿನ ಮುಂಭಾರ, ಅಂದರೆ ಅದರ ಮುಂತುದಿ ಹಿಚ್ ಮೇಲೆ ಹೇರುವ ಭಾರ, ಇದಕ್ಕೆ ಸೇರುತ್ತದೆ. ಆಕ್ಸಲ್‌ನಿಂದ 55 ಸೆಂ.ಮೀ. ಹಿಂದೆ 200 ಕೆ.ಜಿ. ಮುಂಭಾರ ಕೂತರೆ ಇನ್ನೂ 60 ಕೆ.ಜಿ. ಹೋಯಿತು. ತಗ್ಗಿನ ಹಿಚ್ಚಿನಲ್ಲಿ ಮುಂದೆ 170 ಕೆ.ಜಿ. ಉಳಿದು ಸ್ಟೇರಿಂಗ್ ಮಾತು ಕೇಳುತ್ತದೆ. ಎತ್ತರದ ಹಿಚ್ಚಿನಲ್ಲಿ ಏನೂ ಉಳಿಯುವುದಿಲ್ಲ ಎಂದೇ ಹೇಳಬೇಕು. ಏರಿನ ಓರೆಯಿಂದ ಹಿಂದಕ್ಕೆ ಸರಿಯುವ ಭಾರವನ್ನು ನಾನಿಲ್ಲಿ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಮೂತಿ ಎದ್ದ ಮೇಲೆ ಕ್ಲಚ್ ಒತ್ತಿ ಇಳಿಸುತ್ತೇನೆ ಎಂಬ ಧೈರ್ಯ ಬೇಡ. ಹಿಂದಕ್ಕೆ ಮಗುಚುವ ಟ್ರ್ಯಾಕ್ಟರ್ ಒಂದೂವರೆ ಸೆಕೆಂಡಿನಲ್ಲಿ ಚಾಲಕನ ಮೇಲೆ ಬಿದ್ದಿರುತ್ತದೆ. ಕಾಲು ಪೆಡಲ್ ಮುಟ್ಟುವ ಹೊತ್ತಿಗೆ ಬಹುಪಾಲು ಕೆಲಸ ಮುಗಿದಿರುತ್ತದೆ. ಆ ಕಾಲದ ಟ್ರ್ಯಾಕ್ಟರುಗಳಿಗೆ ಚಾಲಕನನ್ನು ಕಾಪಾಡುವ ರೋಲ್ ಬಾರ್ ಕೂಡ ಇರಲಿಲ್ಲ.

1917ರಲ್ಲಿ ಬಂದ ಫೋರ್ಡ್‌ಸನ್ ಮಾಡೆಲ್ ಎಫ್ ಹೀಗೆ ಹಿಂದಕ್ಕೆ ಮಗುಚುವುದಕ್ಕೆ ಕುಖ್ಯಾತವಾಗಿತ್ತು. ಹ್ಯಾರಿ ಫರ್ಗುಸನ್ ಮೂರು ಲಿಂಕಿನ ಜೋಡಣೆಯನ್ನು ರೂಪಿಸುವಾಗ ಕಣ್ಣಿಟ್ಟಿದ್ದ ಸಮಸ್ಯೆಗಳಲ್ಲಿ ಇದೂ ಒಂದು. ಅವರ ಏರ್ಪಾಡಿನಲ್ಲಿ ಉಳುವಾಗ ಟಾಪ್ ಲಿಂಕ್ ಹಿಂದಕ್ಕೆ ಎಳೆಯುವುದಿಲ್ಲ, ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತಿ ಮೂತಿಯನ್ನು ನೆಲಕ್ಕೆ ಹಿಡಿಯುತ್ತದೆ. ನಿಮ್ಮ ವೆಲ್ಡಿಂಗ್‌ನವರು ಅದೇ ಜಾಗಕ್ಕೆ ಎಳೆಯುವ ಕೆಲಸ ಕೊಡಲು ಹೊರಟಿದ್ದಾರೆ. ಒತ್ತಡ ತಾಳಲೆಂದು ಮಾಡಿದ ಭಾಗ ಅದು, ಅಷ್ಟೇ ಸಾಲದೆಂಬಂತೆ ಹಿಂದಿನ ಆಕ್ಸಲ್‌ಗಿಂತ ಮೇಲಿದೆ. ಹಿಚ್ ಯಾವಾಗಲೂ ಹಿಂದಿನ ಆಕ್ಸಲ್‌ನ ನಡುಗೆರೆಗಿಂತ ಸಾಕಷ್ಟು ಕೆಳಗಿರಬೇಕು. ಈ ನಿಯಮದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಹಾಗಾದರೆ ಏನು ಹಾಕಬೇಕು? ಟ್ರೇಲರ್ ಸಣ್ಣದು, ಮುಂಭಾರ ಕಡಿಮೆ ಎಂದಾದರೆ ಆಕ್ಸಲ್ ಕೆಳಗೆ ಬೋಲ್ಟ್ ಆಗುವ ಫ್ರೇಮಿನ ಡ್ರಾಬಾರ್ ಸಾಕು. ಇದರ ಮುಂದಿನ ಪಿನ್ ಆಕ್ಸಲ್‌ಗಿಂತ ಮುಂದೆ, ಹೌಸಿಂಗ್ (ಗೇರು, ಆಕ್ಸಲ್ ಇರುವ ಪೆಟ್ಟಿಗೆ) ಅಡಿಯಲ್ಲಿ ಇರುತ್ತದೆ. ಹಿಂದಿನ ತುದಿ ಅಡ್ಡಪಟ್ಟಿಯ ಮೇಲೆ ಕೂತಿರುತ್ತದೆ. ಎಳೆತ ನೇರ ಹೌಸಿಂಗಿಗೆ ಹೋಗುವುದರಿಂದ ಲಿಂಕುಗಳಿಗೂ ಹೈಡ್ರಾಲಿಕ್‌ಗೂ ತೊಂದರೆಯಿಲ್ಲ. ಮುಂಭಾರ ಹೆಚ್ಚಿರುವ ಟ್ರೇಲರ್ ಆಗಿದ್ದರೆ ಫರ್ಗುಸನ್‌ನವರೇ ತಮ್ಮ ಟ್ರೇಲರಿಗೆಂದು ಮಾಡಿದ್ದ ಪಿಕ್‌ಅಪ್ ಕೊಕ್ಕೆ ಒಳ್ಳೆಯದು. ಲಿಫ್ಟ್ ತೋಳುಗಳು ಕೊಕ್ಕೆಯನ್ನು ಎತ್ತುತ್ತವೆ, ಕೊಕ್ಕೆ ಮೇಲೆ ಹೋಗಿ ಲ್ಯಾಚ್‌ಗೆ ಬೀಳುತ್ತದೆ. ಸೀಟಿನಿಂದ ಇಳಿಯದೆ ಟ್ರೇಲರ್ ಸಿಕ್ಕಿಸಬಹುದು, ಬಿಡಿಸಲೂಬಹುದು. ಮುಂಭಾರ ಹಿಂದಿನ ಚಕ್ರಗಳಿಗೆ ಹಿಡಿತ ಕೊಡುತ್ತದೆ ಎಂಬುದೇ ಅದರ ಹಿಂದಿನ ಯೋಚನೆ. ಒಂದೇ ಎಚ್ಚರಿಕೆ: ಲ್ಯಾಚ್ ಬಿದ್ದ ಮೇಲೆ ಲಿಫ್ಟ್ ಇಳಿಸಿ, ಎತ್ತುವ ರಾಡುಗಳು ಸಡಿಲಾದವೇ ಎಂದು ಕೈಯಿಂದ ಅಲ್ಲಾಡಿಸಿ ನೋಡಿ. ರಾಡು ಬಿಗಿಯಾಗಿಯೇ ಇದ್ದರೆ ಟ್ರೇಲರ್ ಭಾರ ಲ್ಯಾಚ್ ಮೇಲಿಲ್ಲ, ಹೈಡ್ರಾಲಿಕ್ ಎಣ್ಣೆಯ ಮೇಲೆ ನಿಂತಿದೆ ಎಂದರ್ಥ.

ಕೂರಿಸುವ ಕೆಲಸಕ್ಕೆ ಬರೋಣ. ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ಹೌಸಿಂಗ್ ಅಡಿಯ ಜಿಡ್ಡನ್ನು ಪೂರ್ತಿ ಕೆರೆದು ತೆಗೆಯಿರಿ. ಫ್ರೇಮು ಕೂರುವ ಮುಖದಲ್ಲಿ ಬಣ್ಣವೂ ಇರಬಾರದು. ಹೊಸದಾಗಿ ಬಣ್ಣ ಹೊಡೆಸಿದವರಿಗೆ ಇದು ಹೊಟ್ಟೆ ಉರಿಸುವ ಸಲಹೆ, ಗೊತ್ತು. ಆದರೆ ಎರಡು ಲೋಹಗಳ ನಡುವೆ ಸಿಕ್ಕ ದಪ್ಪ ಬಣ್ಣ ನಿಧಾನವಾಗಿ ಅಮುಕಿ ತೆಳ್ಳಗಾಗುತ್ತದೆ. ಅಷ್ಟರ ಮಟ್ಟಿಗೆ ಬೋಲ್ಟಿನ ಬಿಗಿ ಹೋಗುತ್ತದೆ. ಬೀಡಿನ (ಎರಕದ ಕಬ್ಬಿಣದ) ಹೌಸಿಂಗ್‌ನಲ್ಲಿ ಬೋಲ್ಟ್ ಕೂರುವ ಉಬ್ಬುಗಳ ಸುತ್ತ ಬಿರುಕಿದೆಯೇ ಎಂದು ಈಗಲೇ ನೋಡಿ. ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಚಾಕ್ ಪುಡಿ ಉಜ್ಜಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೇಲೆದ್ದು ಗೆರೆ ಮೂಡುತ್ತದೆ. ಗೆರೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಆ ಉಬ್ಬಿಗೆ ಎಳೆತ ಕೊಡುವಂತಿಲ್ಲ.

ಹೊಸ ತೂತು ಕೊರೆಯಬೇಡಿ, ಹೌಸಿಂಗಿಗೆ ವೆಲ್ಡಿಂಗ್ ಮುಟ್ಟಿಸಬೇಡಿ. ಬೀಡಿಗೆ ಸಾಧಾರಣ ವೆಲ್ಡಿಂಗ್ ಹಿಡಿಯುವುದಿಲ್ಲ, ಹಿಡಿದಂತೆ ಕಂಡರೂ ಪಕ್ಕದಲ್ಲಿ ಸೀಳುತ್ತದೆ. ಬೇರಿಂಗುಗಳ ಮೂಲಕ ವೆಲ್ಡಿಂಗ್ ಕರೆಂಟು ಹರಿದರೆ ಅವೂ ಹಾಳು. ಕಾರ್ಖಾನೆಯವರೇ ಬಿಟ್ಟ ಥ್ರೆಡ್ ತೂತುಗಳಿರುತ್ತವೆ, ಫ್ರೇಮನ್ನು ಅವಕ್ಕೆ ಹೊಂದಿಸಿ. ತೂತಿನೊಳಗಿನ ಹಳೆ ಬಣ್ಣ, ತುಕ್ಕನ್ನು ಟ್ಯಾಪ್ ಹಾಕಿ ತೆಗೆದು, ತೆಳು ಕಡ್ಡಿ ಇಳಿಸಿ ಆಳ ಅಳೆಯಿರಿ. ತಳವಿರುವ ತೂತಿಗೆ ಉದ್ದದ ಬೋಲ್ಟ್ ಹಾಕಿದರೆ ಅದು ತಳಕ್ಕೆ ತಾಗಿ ನಿಲ್ಲುತ್ತದೆ. ಸ್ಪ್ಯಾನರಿಗೆ ಬಿಗಿ ಅನ್ನಿಸಿದರೂ ಫ್ರೇಮು ಸಡಿಲವಾಗಿಯೇ ಇರುತ್ತದೆ. ತೂತು ಗೇರ್ ಎಣ್ಣೆಯ ಕಡೆಗೆ ಆರಪಾರ ಇದ್ದರಂತೂ ಉದ್ದದ ಬೋಲ್ಟ್ ಒಳಗೆ ಏನಕ್ಕೆ ತಾಗುತ್ತದೋ ಹೇಳಲಾಗದು. ಅಂಥ ಕಡೆ ಥ್ರೆಡ್‌ಗೆ ಸೀಲಂಟ್ ಹಚ್ಚಬೇಕು, ಇಲ್ಲವಾದರೆ ಎಣ್ಣೆ ಜಿನುಗುತ್ತದೆ. ಬೀಡಿನೊಳಗೆ ಬೋಲ್ಟಿನ ವ್ಯಾಸದ ಒಂದೂವರೆ ಪಟ್ಟು ಥ್ರೆಡ್ ಹಿಡಿದಿರಲಿ.

ಫ್ರೇಮಿನ ಅಡಿಗೆ ಜಾಕ್ ಕೊಟ್ಟು ಎತ್ತಿ ಹಿಡಿದು, ಎಲ್ಲಾ ಬೋಲ್ಟುಗಳನ್ನೂ ಬೆರಳಲ್ಲಿ ನಾಲ್ಕೈದು ಸುತ್ತು ಹತ್ತಿಸಿ. ಒಂದು ತೂತು ಕೂಡದಿದ್ದರೆ ಫ್ರೇಮಿನ ಕಡೆಯ ತೂತನ್ನು ಸ್ವಲ್ಪ ಉಜ್ಜಿ. ಸನ್ನೆಕೋಲು ಹಾಕಿ ಎಳೆದು ಕೂಡಿಸಿದರೆ ಆ ಸೆಳೆತ ಬೋಲ್ಟಿನಲ್ಲಿ ಶಾಶ್ವತವಾಗಿ ಉಳಿದುಬಿಡುತ್ತದೆ. ಎಲ್ಲ ಕೂತ ಮೇಲೆ ಮೂಲೆಯಿಂದ ಮೂಲೆಗೆ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಬಿಗಿಯ ಅಳತೆಗೆ ಟ್ರ್ಯಾಕ್ಟರಿನ ಮ್ಯಾನುಯಲ್ಲೇ ಮೊದಲ ಮಾತು.

ಈಗ ಲೋವರ್ ಲಿಂಕುಗಳನ್ನು ಪೂರ್ತಿ ಎತ್ತಿ, ಪೂರ್ತಿ ಇಳಿಸಿ. ಎಲ್ಲಿಯೂ ಡ್ರಾಬಾರಿಗೆ ತಾಗಬಾರದು. ಖಾಲಿ ಟ್ರೇಲರ್ ಸಿಕ್ಕಿಸಿ ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಮೂಕಿ ಹಿಂದಿನ ಟೈರಿಗೆ ಉಜ್ಜುತ್ತದೆಯೇ ನೋಡಿ. ಒಂದು ಗಂಟೆ ಕೆಲಸವಾದ ಮೇಲೆ ಎಲ್ಲಾ ಬೋಲ್ಟುಗಳಿಗೂ ಮತ್ತೆ ಸ್ಪ್ಯಾನರ್ ಹಾಕಿ. ಪಿನ್ ವಿಚಾರದಲ್ಲಿ ಕಂಜೂಸಿ ಬೇಡ. ಹಿಚ್ಚಿಗೆಂದೇ ಮಾಡಿದ ಪಿನ್ ತನ್ನಿ, ತುದಿಗೆ ಅದು ಜಾರಿ ಬೀಳದಂತೆ ತಡೆಯುವ ಸಣ್ಣ ಲಿಂಚ್ ಪಿನ್ ಇರಲಿ. ಕತ್ತರಿಸಿದ ಕಂಬಿ, ಥ್ರೆಡ್ಡಿರುವ ಬೋಲ್ಟು ಇವೆರಡೂ ಈ ಕೆಲಸಕ್ಕೆ ಬೇಡ. ಟ್ರೇಲರಿನ ರಿಂಗಿಗೆ ಮೇಲೂ ಕೆಳಗೂ ಪಟ್ಟಿ ಇದ್ದು ಪಿನ್ನನ್ನು ಎರಡು ಕಡೆ ಹಿಡಿಯುವಂತಿದ್ದರೆ ಪಿನ್ ಬಾಗುವುದಿಲ್ಲ.

ಪ್ರಶ್ನೆ: ನನ್ನ ಬಳಿ ಎರಡು ಲೋವರ್ ಲಿಂಕುಗಳ ನಡುವೆ ಸಿಕ್ಕಿಸುವ, ಸಾಲಾಗಿ ತೂತುಗಳಿರುವ ಅಡ್ಡಪಟ್ಟಿ ಇದೆ. ಅದಕ್ಕೇ ಟ್ರೇಲರ್ ಕಟ್ಟಿದರೆ ಆಗದೆ? ಕೆಲವೊಮ್ಮೆ ಅದು ತಾನಾಗಿಯೇ ಮೇಲೇಳುತ್ತದೆ.

ಉತ್ತರ: ಆ ಪಟ್ಟಿಯ ಎರಡು ತುದಿಯ ಪಿನ್ 22 ಮಿ.ಮೀ. ಇದ್ದರೆ ಅದು ಕೆಟಗರಿ 1ರದು, ಸಣ್ಣ ಟ್ರ್ಯಾಕ್ಟರಿಗೆ ಹೊಂದುತ್ತದೆ. 28 ಮಿ.ಮೀ. ಇದ್ದರೆ ಕೆಟಗರಿ 2. ಹಗುರ ಹಲುಬೆ, ಸಣ್ಣ ರೋಲರ್ ಎಳೆಯಲು ಅಡ್ಡಿಯಿಲ್ಲ. ಟ್ರೇಲರಿಗೆ ನಾನು ಒಪ್ಪುವುದಿಲ್ಲ. ಕಾರಣ ನೀವೇ ಹೇಳಿದ್ದೀರಿ. ಟಿಇ20ಯಂಥ ಹಳೆಯ ಹೈಡ್ರಾಲಿಕ್‌ನಲ್ಲಿ ಲಿಂಕುಗಳನ್ನು ಒಂದೇ ಎತ್ತರದಲ್ಲಿ ಹಿಡಿದಿಡುವ ಪೊಸಿಷನ್ ಕಂಟ್ರೋಲ್ ಇಲ್ಲ. ಅದು ನಂತರದ ಮಾದರಿಯಾದ 1956ರ ಎಫ್‌ಇ35ರಲ್ಲಿ ಬಂತು. ಲಿವರ್ ಸ್ವಲ್ಪ ಅಲುಗಿದರೂ ಪಟ್ಟಿ ಏರಿ, ಹಿಚ್ ಆಕ್ಸಲ್ ಮಟ್ಟಕ್ಕೆ ಹೋಗಿ ಕೂರುತ್ತದೆ. ಪಟ್ಟಿಯನ್ನೇ ಬಳಸುವುದಾದರೆ ಅದು ಏಳದಂತೆ, ಇಳಿಯದಂತೆ ಹಿಡಿಯುವ ಎರಡು ಸ್ಟೇ ರಾಡು ಕಡ್ಡಾಯ. ಮೂಲದಲ್ಲಿ ಪಟ್ಟಿಯ ಜೊತೆಗೇ ಅವು ಬರುತ್ತಿದ್ದವು. ಮಧ್ಯದ ತೂತನ್ನೇ ಬಳಸಿ, ಪಕ್ಕಕ್ಕೆ ಓಲಾಡದಂತೆ ಚೆಕ್ ಚೈನ್ ಬಿಗಿ ಇರಲಿ.

ಪ್ರಶ್ನೆ: ಡ್ರಾಬಾರಿಗೆ ಕಟ್ಟಿ ಎಳೆಯುವ, ಪಿಟಿಒದಿಂದ (ಎಂಜಿನ್ ಶಕ್ತಿಯನ್ನು ಯಂತ್ರಕ್ಕೆ ಕೊಡುವ ಹಿಂದಿನ ಶಾಫ್ಟ್) ಓಡುವ ಹುಲ್ಲು ಕತ್ತರಿಸುವ ಯಂತ್ರವಿದೆ. ತಿರುವಿನಲ್ಲಿ ಶಾಫ್ಟ್ ಕಟಕಟ ಎನ್ನುತ್ತದೆ. ಡ್ರಾಬಾರ್ ಉದ್ದ ಮಾಡಬೇಕೇ?

ಉತ್ತರ: ಮೊದಲು ಅಳೆಯಿರಿ. ನಿಮಿಷಕ್ಕೆ 540 ಸುತ್ತಿನ ಪಿಟಿಒಗೆ ಶಾಫ್ಟಿನ ತುದಿಯಿಂದ ಹಿಚ್ ಪಿನ್ನಿನ ನಡುವಿನವರೆಗೆ ನೆಲಕ್ಕೆ ಸಮಾನಾಂತರವಾಗಿ ಅಳೆದ ಅಂತರ 14 ಇಂಚು, ಅಂದರೆ 355 ಮಿ.ಮೀ. ಇರಬೇಕೆಂಬುದು ಹಳೆಯ ವಾಡಿಕೆ. ಉದ್ದೇಶವೇನೆಂದರೆ, ತಿರುಗುವಾಗ ಶಾಫ್ಟಿನ ಎರಡು ಕ್ರಾಸ್ ಜಾಯಿಂಟುಗಳೂ ಒಂದೇ ಕೋನಕ್ಕೆ ಬಾಗಬೇಕು. ಹಿಚ್ ಪಿನ್ ಎರಡರ ಸರಿಮಧ್ಯದಲ್ಲಿದ್ದರೆ ಮಾತ್ರ ಹಾಗಾಗುತ್ತದೆ. ಪಿನ್ ಮುಂದಕ್ಕೆ ಸರಿದಿದ್ದರೆ ಒಂದು ಜಾಯಿಂಟ್ ಹೆಚ್ಚು ಬಾಗಿ ಸದ್ದು ಮಾಡುತ್ತದೆ. ನಿಮ್ಮ ಟ್ರ್ಯಾಕ್ಟರಿನ ಪಿಟಿಒ ಶಾಫ್ಟ್ 1 1/8 ಇಂಚಿನದಾಗಿದ್ದು, ಈಗಿನ 1 3/8 ಇಂಚಿನ ಯಂತ್ರಕ್ಕೆಂದು ಅಡಾಪ್ಟರ್ ಹಾಕಿದ್ದೀರಾ ನೋಡಿ. ಅಡಾಪ್ಟರ್ ಜಾಯಿಂಟನ್ನು ಅಷ್ಟು ಹಿಂದಕ್ಕೆ ತಳ್ಳುತ್ತದೆ. ಬಿಗಿ ತಿರುವಿನಲ್ಲಿ ಒಳಗೊಳಗೆ ಜಾರುವ ಶಾಫ್ಟ್ ಪೂರ್ತಿ ಮುಚ್ಚಿ ಗುದ್ದುವುದು ಹೆಚ್ಚಾಗಿ ಇಂಥಲ್ಲೇ. ಡ್ರಾಬಾರ್ ಉದ್ದ ಮಾಡಿದರೆ ಅಂತರ ಸರಿಹೋದೀತು, ಆದರೆ ಪಿನ್ ಹಿಂದಕ್ಕೆ ಹೋದಷ್ಟೂ ಮುಂಭಾರ ಮೂತಿಯನ್ನು ಹೆಚ್ಚು ಎತ್ತುತ್ತದೆ ಎಂಬುದು ನೆನಪಿರಲಿ. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಬದಲಿಸದೆ ಯಂತ್ರ ಓಡಿಸಬೇಡಿ.

ಪ್ರಶ್ನೆ: ಡ್ರಾಬಾರ್ ಫ್ರೇಮಿನ ಬೋಲ್ಟು ಎಷ್ಟು ಬಿಗಿ ಮಾಡಿದರೂ ವಾರದಲ್ಲಿ ಸಡಿಲ. ಸ್ಪ್ರಿಂಗ್ ವಾಷರ್ ಹಾಕಿದ್ದೇನೆ.

ಉತ್ತರ: ವಾಷರ್ ಬಿಡಿ, ಬೋಲ್ಟು ಯಾವ ಥ್ರೆಡ್ಡಿನದು ನೋಡಿ. ಹಳೆಯ ಬ್ರಿಟಿಷ್, ಅಮೆರಿಕನ್ ಟ್ರ್ಯಾಕ್ಟರುಗಳಲ್ಲಿ ಇಂಚಿನ ಥ್ರೆಡ್. ಅರ್ಧ ಇಂಚಿನ ತೂತಿಗೆ 12 ಮಿ.ಮೀ. ಬೋಲ್ಟು ಹಾಕಿದರೆ ಎರಡು ಮೂರು ಸುತ್ತು ಹತ್ತಿ, ಥ್ರೆಡ್ಡಿನ ತುದಿಗಳಲ್ಲಷ್ಟೇ ಹಿಡಿದಿರುತ್ತದೆ. ಇಂಚಿನಲ್ಲೂ ಒಂದು ಬಲೆಯಿದೆ. ಅರ್ಧ ಇಂಚಿನ ಬ್ರಿಟಿಷ್ ಥ್ರೆಡ್ಡಾದ ವಿಟ್‌ವರ್ತ್‌ನಲ್ಲಿ ಇಂಚಿಗೆ 12 ಎಳೆ, ಅಮೆರಿಕನ್ ಥ್ರೆಡ್ಡಾದ ಯುಎನ್‌ಸಿಯಲ್ಲಿ 13. ಬಲವಂತವಾಗಿ ಹತ್ತಿಸಿದರೆ ಬೀಡಿನ ಥ್ರೆಡ್ ಪುಡಿಯಾಗುತ್ತದೆ. ಪಿಚ್ ಗೇಜ್ ಇಟ್ಟು ನೋಡಿಯೇ ಬೋಲ್ಟು ತನ್ನಿ. ತಲೆಯ ಮೇಲೆ ಗುರುತೇ ಇಲ್ಲದ ಬೋಲ್ಟು ಬೇಡ. ಮಿಲಿಮೀಟರಿನದಾದರೆ 8.8, ಇಂಚಿನದಾದರೆ ಕನಿಷ್ಠ ಮೂರು ಗೆರೆಯ ಗ್ರೇಡ್ 5 ಇರಲಿ. ಥ್ರೆಡ್ ಆಗಲೇ ಸವೆದಿದ್ದರೆ ಒಳಗೆ ಸ್ಟೀಲ್ ಕಾಯಿಲ್ ಕೂರಿಸಿ ಅದೇ ಅಳತೆಗೆ ತರಬಹುದು. ದಪ್ಪದ ಬೋಲ್ಟಿಗಾಗಿ ತೂತು ದೊಡ್ಡದು ಮಾಡುವುದಕ್ಕಿಂತ ಅದೇ ವಾಸಿ, ಏಕೆಂದರೆ ಬೋಲ್ಟಿನ ಸುತ್ತ ಉಳಿಯುವ ಬೀಡು ತೆಳ್ಳಗಾಗುವುದಿಲ್ಲ.