ಕನ್ನಡದ ಊರಿಗೆ ಕೇರಳದ ಪಿನ್ ಯಾಕೆ?

ಕಾಸರಗೋಡು ಜಿಲ್ಲೆಯ ನಮ್ಮ ಮಂಜೇಶ್ವರಕ್ಕೆ ಕಾಗದ ಬರೆಯುವವರು ಹೀಗೆ ಕೇಳುವುದುಂಟು. ಕೇಳಿದ್ದು ಸರಿಯಾಗಿಯೇ ಇದೆ. ಮಾತು ಕನ್ನಡ, ತುಳು. ಪೇಟೆ ಎಂದರೆ ಮಂಗಳೂರು. ಹಾಗಿದ್ದೂ ಮಂಜೇಶ್ವರದ ವಿಳಾಸದ ಕೊನೆಗೆ ಮಂಗಳೂರಿನ 575 ಬಿಟ್ಟು 671 ಯಾಕೆ? ಅಂಚೆಯವರಿಗೆ ಆಡುವ ಭಾಷೆಯೂ ಹತ್ತಿರದ ಪೇಟೆಯೂ ಲೆಕ್ಕಕ್ಕಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಪಿನ್ ಕೋಡ್ ಹುಟ್ಟಿದ್ದು 1972ರ ಆಗಸ್ಟ್ 15ರಂದು. ಅಂಕಿ ಹಂಚುವ ಹೊತ್ತಿಗೆ ನಮ್ಮ ಅಂಚೆ ಕಚೇರಿಗಳೆಲ್ಲ ಕೇರಳ ವೃತ್ತದೊಳಗಿದ್ದವು (ವೃತ್ತ ಎಂದರೆ ಅಂಚೆ ಇಲಾಖೆಯ ಆಡಳಿತದ ದೊಡ್ಡ ವಿಭಾಗ). ಅಷ್ಟೇ ವಿಷಯ. (ಈ ಏರ್ಪಾಡಿನ ಹಿಂದಿದ್ದ ಶ್ರೀರಾಮ ಭಿಕಾಜಿ ವೆಲಣಕರ್ ಸಂಸ್ಕೃತ ಕವಿಯೂ ಹೌದು. ಒಂದೇ ಹೆಸರಿನ ಊರುಗಳು, ಹತ್ತಾರು ಲಿಪಿಗಳು ಇರುವ ದೇಶಕ್ಕೆ ಅಂಕಿಯೇ ಮದ್ದು ಎಂದು ಕವಿಗೇ ಹೊಳೆಯಿತು ನೋಡಿ!)

ಆರು ಅಂಕಿಯನ್ನು ಎಡದಿಂದ ಬಿಡಿಸಿ ಓದಬೇಕು. ಮೊದಲನೆಯದು ವಲಯ: ಕರ್ನಾಟಕ, ಆಂಧ್ರ, ತೆಲಂಗಾಣಕ್ಕೆ 5; ಕೇರಳ, ತಮಿಳುನಾಡಿಗೆ 6; ಮಹಾರಾಷ್ಟ್ರ, ಗೋವಾ ಕಡೆಗೆ 4. ಮೊದಲೆರಡು ಅಂಕಿ ಸೇರಿದರೆ ಅಂಚೆ ವೃತ್ತ ತಿಳಿಯುತ್ತದೆ. 56ರಿಂದ 59 ಕರ್ನಾಟಕ, 67ರಿಂದ 69 ಕೇರಳ. ಮೂರೂ ಸೇರಿದರೆ ಟಪಾಲು ವಿಂಗಡಿಸುವ ಜಿಲ್ಲೆ, ನಮ್ಮದು 671. ಉಳಿದ ಮೂರು ಅಂಕಿ ಬಟವಾಡೆ ಮಾಡುವ ಕಚೇರಿಯದು.

ಗಡಿಯಲ್ಲಿ ಇದರ ಆಟ ಒಂದೊಂದು ಕಡೆ ಒಂದೊಂದು ತರ. ಮಹಾರಾಷ್ಟ್ರದ ಅಕ್ಕಲಕೋಟೆ 413216, ತಮಿಳುನಾಡಿನ ತಾಳವಾಡಿ 638461: ಮೊದಲ ಅಂಕಿ ಕಂಡ ಕೂಡಲೇ ರಾಜ್ಯ ಬೇರೆ ಎಂದು ಗೊತ್ತಾಗುತ್ತದೆ. ಆಂಧ್ರದ ಮಡಕಶಿರಾ 515301, ಆದವಾನಿ 518301 ಹಾಗಲ್ಲ. ಅಲ್ಲೂ 5 ಇರುವುದರಿಂದ ಎರಡನೆಯ ಅಂಕಿಯವರೆಗೆ ಕಣ್ಣು ಹೋಗಬೇಕು. ಜಿಲ್ಲೆ ಒಡೆದರೂ ಪಿನ್ ಬದಲಾಗಬೇಕೆಂದಿಲ್ಲ. ವಿಜಯನಗರ ಜಿಲ್ಲೆಯಾದ ಮೇಲೂ ಹೊಸಪೇಟೆ 583201 ಆಗಿಯೇ ಇದೆ. ಕಂದಾಯದವರ ನಕ್ಷೆ ಬೇರೆ, ಅಂಚೆಯವರ ನಕ್ಷೆ ಬೇರೆ.

ಹೊರಗಿನವರು ಹೆಚ್ಚು ಎಡವುವುದು ಕೊನೆಯ ಮೂರು ಅಂಕಿಗಳಲ್ಲಿ. ಕುಂಬಳೆ 671321, ಉಪ್ಪಳ 671322, ಮಂಜೇಶ್ವರ 671323. ಒಂದಂಕಿ ತಪ್ಪಿದರೆ ಕಾಗದ ಪಕ್ಕದ ಕಚೇರಿಯ ಚೀಲಕ್ಕೆ ಬೀಳುತ್ತದೆ, ಅಲ್ಲಿಂದ ತಿರುಗಿ ಬರಬೇಕು. ಇದಾದರೂ ಸಣ್ಣ ತಪ್ಪು. ‘ಮಂಗಳೂರು ಹತ್ತಿರವಲ್ಲವೇ’ ಎಂದು ಮಂಜೇಶ್ವರದ ಮನೆಗೆ 575001 ಬರೆದರೆ ಕಾಗದ ಹೋಗುವುದೇ ಬೇರೆ ವೃತ್ತಕ್ಕೆ. ಅಲ್ಲಿನ ಪೋಸ್ಟ್‌ಮ್ಯಾನ್ ಆ ಮನೆ ಹುಡುಕಿ ಸಿಗದೆ ವಾಪಸು ಕೊಟ್ಟ ಮೇಲೆಯೇ ಅದಕ್ಕೆ ಸರಿದಾರಿ. ಕೊರಿಯರ್‌ನವರು ಅಷ್ಟೂ ತಲೆಕೆಡಿಸಿಕೊಳ್ಳದೆ ಕಳಿಸಿದವರಿಗೇ ಹಿಂದಿರುಗಿಸಬಹುದು.

ಒಂದು ಪಿನ್ ಎಂದರೆ ಒಂದು ಊರು ಎಂದುಕೊಳ್ಳಬೇಡಿ. ಬಟವಾಡೆಯ ಸಬ್ ಆಫೀಸು ಮತ್ತು ಅದರ ಕೈಕೆಳಗಿನ ಹಲವು ಬ್ರಾಂಚ್ ಆಫೀಸುಗಳಿಗೆ ಸಾಮಾನ್ಯವಾಗಿ ಒಂದೇ ಪಿನ್. ಯಾವ ಬ್ರಾಂಚ್ ಎಂದು ಹೇಳುವುದು ವಿಳಾಸದ ‘ಅಂಚೆ’ ಎಂಬ ಸಾಲು, ಅದನ್ನು ನುಂಗಬೇಡಿ. ಇನ್ನೊಂದು ತೊಡಕು: ಕೆಲವು ಕಚೇರಿಗಳಲ್ಲಿ ಕೌಂಟರ್ ಮಾತ್ರ, ಬಟವಾಡೆ ಇಲ್ಲ. ಮನೆಯೆದುರು ಅಂಚೆ ಕಚೇರಿಯಿದ್ದರೂ ಕಾಗದ ಇನ್ನೊಂದು ಕಡೆಯಿಂದ ಬರಬಹುದು. ಅಂಚೆ ಇಲಾಖೆಯ ಪಿನ್ ಹುಡುಕುವ ಪುಟದಲ್ಲಿ ಕಚೇರಿಯ ಹೆಸರಿನ ಜೊತೆಗೆ ಬಟವಾಡೆ ಇದೆಯೋ ಇಲ್ಲವೋ ಎಂಬುದೂ ಇರುತ್ತದೆ, ಅದನ್ನೂ ಓದಿ.

ನಮ್ಮ ಕಡೆ ಹಳ್ಳಿಗಳಲ್ಲಿ ಬೆಂಗಳೂರಿನ ಹಾಗೆ ಮೇನು, ಕ್ರಾಸು ಇಲ್ಲ. ಮನೆಗಳು ತೋಟಗಳ ನಡುವೆ ಚದುರಿವೆ, ಗುರುತು ಹಿಡಿಯುವುದು ಮನೆ ಹೆಸರಿನಿಂದ. ಆದ್ದರಿಂದ ಬರೆಯುವ ಕ್ರಮ ಹೀಗೆ: ಹೆಸರು, ಮನೆ ಹೆಸರು, ಊರು, ಅಂಚೆ, ‘ವಯಾ’ ಎಂದು ಸಬ್ ಆಫೀಸು, ಕಾಸರಗೋಡು ಜಿಲ್ಲೆ, ಕೇರಳ, ಪಿನ್, ಫೋನ್ ನಂಬರ್. ವಿಳಾಸ ಕನ್ನಡದಲ್ಲಿದ್ದರೆ ಅಡ್ಡಿಯಿಲ್ಲ, ಬಾಗಿಲಿಗೆ ತರುವವರಿಗೆ ಮನೆ ಗೊತ್ತಿರುತ್ತದೆ. ದಾರಿಯಲ್ಲಿ ವಿಂಗಡಿಸುವವರಿಗೆ ಮಾತ್ರ ಕನ್ನಡ ಓದಲು ಬರಬೇಕೆಂದಿಲ್ಲ. ಅವರಿಗಾಗಿ ಅಂಚೆ, ಜಿಲ್ಲೆ, ರಾಜ್ಯದ ಹೆಸರನ್ನು ಇಂಗ್ಲಿಷಿನಲ್ಲೂ ಬರೆಯಿರಿ. ಪಿನ್ನನ್ನು ೬೭೧೩೨೩ ಎಂದು ಬರೆಯುವ ಅಭಿಮಾನ ಮೆಚ್ಚತಕ್ಕದ್ದೇ, ಆದರೆ ಲಕೋಟೆಯ ಮೇಲೆ ಬೇಡ.

ಆನ್‌ಲೈನ್ ಅರ್ಜಿಗಳಲ್ಲಿ ಪಿನ್ ಹೊಡೆದರೆ ರಾಜ್ಯ ತಾನಾಗಿ ‘ಕೇರಳ’ ಎಂದು ತುಂಬಿಕೊಳ್ಳುವುದುಂಟು. ಊರಿನ ಹೆಸರು ಕನ್ನಡದ್ದು ಎಂದು ಅದನ್ನು ಕರ್ನಾಟಕ ಮಾಡಲು ಹೋಗಬೇಡಿ. ಪಿನ್ನಿಗೂ ರಾಜ್ಯಕ್ಕೂ ತಾಳೆಯಾಗದೆ ಅರ್ಜಿ ಅಲ್ಲೇ ನಿಂತೀತು. ಮಂಗಳೂರಿನ ಅಂಗಡಿ ನಮ್ಮಲ್ಲಿಗೆ ಕಳಿಸಿದ ಸಾಮಾನಿನ ಬಿಲ್ಲಿನಲ್ಲಿ ರಾಜ್ಯದೊಳಗಿನ ಮಾರಾಟದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ತೆರಿಗೆಗಳ ಬದಲು ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸಾಮಾನಿನ ಐಜಿಎಸ್‌ಟಿ ಇದ್ದರೆ ಗಾಬರಿ ಬೇಡ. ಸಾಮಾನು ತಲುಪುವ ರಾಜ್ಯ ಬೇರೆ, ತೆರಿಗೆಯ ಒಟ್ಟು ಮೊತ್ತ ಅಷ್ಟೇ.

2025ರ ಮೇಯಲ್ಲಿ ಡಿಜಿಪಿನ್ ಬಂದಿದೆ. ದೇಶವನ್ನು ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಕೊಯ್ದು ಪ್ರತಿಯೊಂದಕ್ಕೂ 10 ಅಕ್ಷರ, ಅಂಕಿಗಳ ಸಂಕೇತ. ಗುಡ್ಡದ ಮೇಲಿನ ಒಂಟಿ ಮನೆಗೆ ಇದು ಒಳ್ಳೆಯದೇ, ಆದರೆ ಪಿನ್ನಿಗೆ ಬದಲಿ ಅಲ್ಲ. ಮಂಜೇಶ್ವರಕ್ಕೆ ಬರೆಯುವಾಗ ಈಗಲೂ 671323 ಬೇಕೇ ಬೇಕು.