ಜಾನಪದದ ಕರಾಳ ಕತೆಗಳಿರುವ ಆಟದ ಪುಸ್ತಕದಲ್ಲಿ ಎಚ್ಚರಿಕೆಯ ಟಿಪ್ಪಣಿ ಹಾಕಬೇಕೆ?

ಉತ್ತರ ಕನ್ನಡದ ದೆವ್ವ, ಚೌಡಿ, ಮಾಸ್ತಿಗಳ ಕತೆಗಳನ್ನು ಆಧರಿಸಿ, ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತ ಕತೆ ಮುಂದುವರಿಸುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದ ಪುಸ್ತಕವೊಂದನ್ನು ಬರೆಯುತ್ತಿರುವುದಾಗಿ ಹೇಳಿದ್ದೀರಿ. ಅದಕ್ಕೆ ಕಂಟೆಂಟ್ ವಾರ್ನಿಂಗ್ ಬೇಕೆ, ಹಾಕಿದರೆ ಹೆದರಿಕೆಯ ಸ್ವಾರಸ್ಯ ಕೆಡುವುದಿಲ್ಲವೆ, ಅಜ್ಜಿಯರು ಯಾವ ಎಚ್ಚರಿಕೆಯೂ ಇಲ್ಲದೆ ಹೇಳುತ್ತಿದ್ದ ಕತೆಗಳಿಗೆ ಈಗೇಕೆ ಈ ಉಪಚಾರ ಎಂಬುದು ನಿಮ್ಮ ಪ್ರಶ್ನೆ. ಶಿರಸಿಯಲ್ಲಿ ಆರು ವರ್ಷಗಳಿಂದ ಐದಾರು ಗೆಳೆಯರಿಗೆ ಇಂಥ ಆಟ ನಡೆಸುತ್ತ ಬಂದವನಾಗಿ, ಹಾಕಿ ಎಂದೇ ಹೇಳುತ್ತೇನೆ. ಆದರೆ ಹೆಚ್ಚಿನ ಪುಸ್ತಕಗಳು ಮೊದಲ ಪುಟದಲ್ಲಿ ಒಂದು ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುವ ಹಾಗೆ ಬೇಡ.

ಮೊದಲಿಗೆ ಅಜ್ಜಿಯರ ಮಾತು. ಅವರು ಎಚ್ಚರಿಸುತ್ತಿರಲಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಅತ್ತಿಗೆ ಬಸುರಿಯಾಗಿದ್ದ ವರ್ಷ ನಮ್ಮ ಅಜ್ಜಿ ಬಾಣಂತಿ ದೆವ್ವದ ಕತೆಯನ್ನು ಬಾಯಿಗೆ ತರಲಿಲ್ಲ. ಕೇಳುತ್ತ ಕುಳಿತ ಮಗುವಿನ ಮುಖ ಪೆಚ್ಚಾದರೆ ಅದೇ ಉಸಿರಿನಲ್ಲಿ ಕತೆಯೊಳಗೆ ಒಂದು ನರಿಯನ್ನು ತಂದು ನಗಿಸುತ್ತಿದ್ದಳು. ಬಯಲಾಟದಲ್ಲೂ ರಾಕ್ಷಸನ ಬಣ್ಣದ ವೇಷ ರಂಗಕ್ಕೆ ಬರುವ ಮೊದಲೇ ಅದರ ಅಬ್ಬರ ಕೇಳಿಸುತ್ತಿತ್ತು, ದೊಂದಿಗೆ ರಾಳದ ಪುಡಿ ಎರಚಿದ ಬೆಂಕಿ ಭುಗಿಲೇಳುತ್ತಿತ್ತು, ಅಷ್ಟರಲ್ಲಿ ತಾಯಂದಿರು ಮಕ್ಕಳ ಮುಖವನ್ನು ಸೆರಗಿನೊಳಗೆ ಎಳೆದುಕೊಂಡಿರುತ್ತಿದ್ದರು. ಹೇಳುವವರಿಗೆ ಕೇಳುವವರ ಮುಖ ಕಾಣುತ್ತಿತ್ತು. ಅಚ್ಚಾದ ಪುಸ್ತಕಕ್ಕೆ ಆ ಕಣ್ಣಿಲ್ಲ. ಅದನ್ನು ಓದಿ ಆಟ ನಡೆಸುವ ಗೇಮ್ ಮಾಸ್ಟರ್‌ಗೆ ನೀವು ಆ ಕಣ್ಣನ್ನು ಕೊಡಬೇಕಾಗುತ್ತದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಒಂದು ಆಷಾಢದ ಸಂಜೆ ದೇವಿಮನೆ ಘಟ್ಟದಲ್ಲಿ ನಡೆಯುವ ಕತೆಯೊಂದನ್ನು ಕಟ್ಟಿ ಆಡಿಸುತ್ತಿದ್ದೆ. ಹೆರಿಗೆಯಲ್ಲಿ ಸತ್ತ ಹೆಂಗಸು ಮಗುವನ್ನು ಹುಡುಕುತ್ತ ರಸ್ತೆಗೆ ಬರುತ್ತಾಳೆ. ಹೊರಗೆ ಮಳೆ, ಕರೆಂಟು ಬೇರೆ ಹೋಗಿತ್ತು, ನನಗೋ ಆಟ ಕಳೆಗಟ್ಟಿತೆಂಬ ಸಂಭ್ರಮ. ಗೆಳೆಯನೊಬ್ಬ ಕೈಯಲ್ಲಿದ್ದ ದಾಳವನ್ನು ಮೆಲ್ಲಗೆ ಕೆಳಗಿಟ್ಟು ಜಗುಲಿಗೆ ಹೋದ. ಫೋನ್ ಬಂದಿರಬೇಕೆಂದುಕೊಂಡು ನಾನು ಮುಂದುವರಿಸಿದೆ. ಅವನ ಅಕ್ಕ ಹೆರಿಗೆಯಲ್ಲೇ ತೀರಿಕೊಂಡಿದ್ದಳೆಂದು ತಿಳಿದದ್ದು ಆಮೇಲೆ. ಆ ಕತೆಯ ಮೊದಲಿಗೆ ನಾನು ಹೇಳಿದ್ದ ಎಚ್ಚರಿಕೆಯಾದರೂ ಏನು? ‘ದೆವ್ವ ಇದೆ, ರಕ್ತ ಇದೆ’ ಎಂದಷ್ಟೇ. ಅವನಿಗೆ ದೆವ್ವದಿಂದ ಏನೂ ತೊಂದರೆಯಿರಲಿಲ್ಲ.

ಆದ್ದರಿಂದ ಟಿಪ್ಪಣಿಯಲ್ಲಿ ಹೆಸರಿಸಬೇಕಾದದ್ದು ದೆವ್ವ ದೆವ್ವವಾಗುವ ಮೊದಲು ಮನುಷ್ಯರ ನಡುವೆ ಏನು ನಡೆಯಿತು ಎಂಬುದನ್ನು. ‘ಭಯಾನಕ ದೃಶ್ಯಗಳಿವೆ’ ಎಂಬ ಸಾಲು ಚಿತ್ರಮಂದಿರದಲ್ಲಿ ಸಿಗರೇಟಿನ ದೃಶ್ಯದ ಕೆಳಗೆ ಬರುವ ಸಾಲಿನಂತೆ. ಇದೆಯೆಂದು ಎಲ್ಲರಿಗೂ ಗೊತ್ತು, ಯಾರೂ ಓದುವುದಿಲ್ಲ. ನಮ್ಮ ಕತೆಗಳನ್ನೇ ನೋಡಿ. ಬನವಾಸಿಯ ಸುತ್ತಮುತ್ತ ಮಾಸ್ತಿಕಲ್ಲುಗಳಿವೆ, ಬಳೆ ತೊಟ್ಟ ಕೈಯೊಂದನ್ನು ಮೇಲೆತ್ತಿದ ಕೆತ್ತನೆ ಅವುಗಳ ಗುರುತು. ಅದರ ಮೇಲೆ ಅಧ್ಯಾಯ ಬರೆದರೆ ‘ಗಂಡ ಸತ್ತಾಗ ಹೆಂಡತಿ ಚಿತೆಯೇರುವುದು, ಅದಕ್ಕೆ ಮನೆಯವರ ಒತ್ತಾಯ’ ಎಂದು ಬಿಡಿಸಿ ಹೇಳಿ. ಕೆರೆಗೆ ಹಾರವಾದ ಭಾಗೀರಥಿಯ ಕತೆಯ ಜಾಡು ಹಿಡಿದರೆ ‘ಮಾವನ ಮನೆಯವರು ಸೊಸೆಯನ್ನು ಬಲಿಗೊಡುವುದು, ಗಂಡನ ಆತ್ಮಹತ್ಯೆ’ ಎನ್ನಿ. (ಹಾಗೆ ನೋಡಿದರೆ ಪುಣ್ಯಕೋಟಿಯ ಹಾಡಿನ ಕೊನೆಯಲ್ಲಿ ಹುಲಿಯೂ ಪ್ರಾಣ ಬಿಡುತ್ತದೆ, ಅದನ್ನು ನಾವೆಲ್ಲ ಪುಟ್ಟ ಮಕ್ಕಳ ಬಾಯಲ್ಲಿ ರಾಗವಾಗಿ ಹಾಡಿಸುತ್ತೇವೆ.)

ಇಲ್ಲಿ ಜಾತಿಯ ವಿಷಯವನ್ನು ತಪ್ಪಿಸಿಕೊಳ್ಳುವಂತಿಲ್ಲ. ವಿದೇಶಿ ಪುಸ್ತಕಗಳ ಸಿದ್ಧ ಪಟ್ಟಿಯಲ್ಲಿ ಜೇಡ, ಹಾವು, ರಕ್ತ, ಹಿಂಸೆ ಎಲ್ಲ ಇರುತ್ತವೆ, ಜಾತಿ ಇರುವುದು ಕಡಿಮೆ. ಮಾರಿಯ ಬಗ್ಗೆ ನಾಡಿನ ಹಲವೆಡೆ ಹೇಳುವ ಒಂದು ಕತೆಯಲ್ಲಿ ಜಾತಿ ಮರೆಮಾಚಿ ಬ್ರಾಹ್ಮಣ ಹುಡುಗಿಯನ್ನು ಮದುವೆಯಾದ ದಲಿತನು ಸತ್ಯ ಬಯಲಾದ ಮೇಲೆ ಕೊಲೆಯಾಗುತ್ತಾನೆ, ಕೋಣನ ಬಲಿಗೆ ಅದೇ ಕಾರಣವೆನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ನಡೆಯುವ ನಮ್ಮೂರಿನಲ್ಲಿ ಕೋಣನ ಬಲಿ ಎಂದೋ ನಿಂತಿದೆ, ಕತೆ ನಿಂತಿಲ್ಲ. ಇದನ್ನು ಹಾಗೆಯೇ ಆಟಕ್ಕೆ ತಂದರೆ ಖಳನ ಜಾಗದಲ್ಲಿ ಯಾರು ನಿಲ್ಲುತ್ತಾರೆಂದು ಯೋಚಿಸಿ. ಆ ಸಮುದಾಯದ ಆಟಗಾರ ನಿಮ್ಮ ಮೇಜಿನ ಆಚೆ ಬದಿಯಲ್ಲಿ ಕುಳಿತಿರಬಹುದು. ಇಂಥಲ್ಲಿ ಟಿಪ್ಪಣಿಯೊಂದೇ ಸಾಲದು, ಕತೆಯನ್ನು ಯಾರ ಕಣ್ಣಿನಿಂದ ಹೇಳುತ್ತೀರಿ ಎಂಬುದನ್ನೇ ಬದಲಿಸಬೇಕಾದೀತು. ಇನ್ನೊಂದು ಮಾತು: ಇವತ್ತಿಗೂ ಹಣ್ಣುಕಾಯಿ ಮಾಡಿಸಿಕೊಳ್ಳುವ ದೇವತೆಗೆ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಿಂದರೆ ಸಾಯುತ್ತದೆಂಬ ಲೆಕ್ಕ) ಬರೆದು ಕೊಲ್ಲಬಹುದಾದ ಪ್ರಾಣಿಯನ್ನಾಗಿ ಮಾಡಬೇಡಿ. ಊರ ಚೌಡಿಗೂ ಈ ಮಾತು ಸಲ್ಲುತ್ತದೆ.

ಸ್ವಾರಸ್ಯ ಕೆಡುತ್ತದೆ ಎಂಬ ಭಯಕ್ಕೆ ನನ್ನ ಉತ್ತರ ಯಕ್ಷಗಾನ. ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಸುಟ್ಟುಹೋಗುತ್ತಾನೆಂದು, ಅವನು ಸುಟ್ಟ ಜಾಗವೆನ್ನುವ ಯಾಣದ ಕಪ್ಪು ಬಂಡೆಗಳನ್ನು ನೋಡಿದ ಮಗುವಿಗೂ ಗೊತ್ತು, ಆದರೂ ಬೆಳಗಿನ ಜಾವದವರೆಗೆ ಯಾರೂ ಏಳುವುದಿಲ್ಲ. ವಿಷಯವನ್ನು ಹೇಳಿ, ಫಲಿತಾಂಶವನ್ನು ಹೇಳಬೇಡಿ. ‘ಮಗುವಿನ ಸಾವು’ ಎಂದರೆ ಸಾಕು, ಕೊಂದವರು ಯಾರೆಂಬುದು ಒಳಗಿರಲಿ. ಸಂಶೋಧನೆಯ ಮಾತನ್ನೂ ಮುಚ್ಚಿಡುವುದಿಲ್ಲ. ಇಂಥ ಎಚ್ಚರಿಕೆಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಎಚ್ಚರಿಕೆಯಿಂದ ನೋಡುವವರ ನೋವು ಕಡಿಮೆಯಾಗಲಿಲ್ಲ, ನೋಡುವ ಮುನ್ನಿನ ಆತಂಕ ಹೆಚ್ಚಿತು, ಹಾಗೆಂದು ಜನ ಅದರಿಂದ ದೂರವೂ ಸರಿಯಲಿಲ್ಲ. ಮುನ್ನಿನ ಆತಂಕವೆಂದರೆ ದೆವ್ವದ ಆಟಕ್ಕೆ ಬಂಡವಾಳವೇ ಅಲ್ಲವೆ! ಆದರೆ ಆ ಅಧ್ಯಯನಗಳಲ್ಲಿ ಜನ ಬದಲಿಸಲಾಗದ ಬರಹವನ್ನೋ ಚಿತ್ರವನ್ನೋ ನೋಡುತ್ತಿದ್ದರು. ಮೇಜಿನ ಆಟದಲ್ಲಿ ಕತೆಯನ್ನು ಆ ಕ್ಷಣದಲ್ಲೇ ತಿರುಗಿಸಬಹುದು, ಟಿಪ್ಪಣಿಯ ಉಪಯೋಗ ಇರುವುದೂ ಅಲ್ಲೇ.

ಅದಕ್ಕೆ ಬೇಕಾದ ಸಲಕರಣೆಗಳು ಈಗಾಗಲೇ ಬಳಕೆಯಲ್ಲಿವೆ. ಆಟಗಳ ವಿನ್ಯಾಸಕ ರಾನ್ ಎಡ್ವರ್ಡ್ಸ್ ಹೇಳಿದ ‘ಲೈನ್ಸ್ ಆ್ಯಂಡ್ ವೇಲ್ಸ್’ ಎಂಬ ಕ್ರಮದಲ್ಲಿ ಕತೆಯೊಳಗೆ ಬರಲೇಬಾರದ್ದು ಗೆರೆಯ ಆಚೆ, ನಡೆದರೂ ವರ್ಣಿಸಬಾರದ್ದು ತೆರೆಯ ಹಿಂದೆ. ಜಾನ್ ಸ್ಟಾವ್ರೊಪೌಲಸ್ ರೂಪಿಸಿದ ಎಕ್ಸ್ ಕಾರ್ಡನ್ನು, ಅಂದರೆ ಮೇಜಿನ ಮೇಲಿಟ್ಟ X ಗುರುತಿನ ಚೀಟಿಯನ್ನು, ಯಾರಾದರೂ ಮುಟ್ಟಿದರೆ ಕಾರಣ ಕೇಳದೆ ಆ ಭಾಗವನ್ನು ಬಿಡಬೇಕು. ಎರಡನ್ನೂ ಆಟ ಶುರುವಾಗುವ ಮೊದಲಿನ ಮಾತುಕತೆಯಲ್ಲಿ ವಿವರಿಸಿ, ನಿಮ್ಮ ಪುಸ್ತಕದಲ್ಲಿ ಅರ್ಧ ಪುಟ ಸಾಕು. ಹೆಚ್ಚಿನ ಜಾಗವನ್ನು ಪ್ರತಿ ಕತೆಯ ತಲೆಗೆ ಕೊಡಿ: ಇಲ್ಲಿ ಏನಿದೆ, ಅದು ಕತೆಯ ಬೇರಿನಲ್ಲಿದೆಯೋ ಕೊಂಬೆಯಲ್ಲಿದೆಯೋ, ತೆಗೆದರೆ ಅದರ ಜಾಗಕ್ಕೆ ಏನು ತರಬಹುದು. ಉದಾಹರಣೆಗೆ ನನ್ನ ಘಟ್ಟದ ಕತೆಗೆ ಈಗ ಹೀಗೆ ಬರೆದಿಟ್ಟಿದ್ದೇನೆ: ‘ಹೆರಿಗೆಯಲ್ಲಿ ತಾಯಿಯ ಸಾವು, ಕಾಣೆಯಾದ ಹಸುಗೂಸು. ಕತೆಯ ಬೇರು ಇದೇ. ಬೇಡವೆಂದರೆ ಈ ಕತೆಯನ್ನೇ ಬಿಟ್ಟು ಮುಂದಿನದಕ್ಕೆ ಹೋಗಿ.’

ಕಳೆದ ಮಳೆಗಾಲದಲ್ಲಿ ಉಳಿದವರು ಕೇಳಿದರೆಂದು ಆ ಕತೆಯನ್ನು ಮತ್ತೊಮ್ಮೆ ಆಡಿಸಿದೆ. ಟಿಪ್ಪಣಿಯನ್ನು ಎರಡು ದಿನ ಮೊದಲೇ ಎಲ್ಲರಿಗೂ ಕಳಿಸಿದ್ದೆ. ‘ಅದು ಮುಗಿದ ಮೇಲೆ ಒಂದು ಫೋನ್ ಮಾಡು ಮಾರಾಯ, ಬರ್ತೆ’ ಎಂದ ಗೆಳೆಯ, ರಾತ್ರಿ ಒಂಬತ್ತಕ್ಕೆ ಕೊಡೆ ಮಡಚುತ್ತ ಬಂದು, ಮುಂದಿನ ಕತೆಗೆ ತನ್ನ ದಾಳ ತೆಗೆದಿಟ್ಟ.