ಪ್ರೋಟೀನು ಸೂಜಿಗಳಾಗಿಯೇ ಹರಳುಗಟ್ಟುತ್ತಿದ್ದರೆ ಯಾವ ಸೇರ್ಪಡೆ ಬಳಸಬೇಕು?

ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್, ಪ್ರೋಟೀನನ್ನು ದ್ರಾವಣದಿಂದ ಹೊರದೂಡುವ ವಸ್ತು) ಇರುವ ದ್ರಾವಣದಲ್ಲಿ ನಿಮ್ಮ ಪ್ರೋಟೀನು ರಚನೆ ಬಿಡಿಸಲು ಬೇಕಾದ ದಪ್ಪ ಹರಳುಗಳ ಬದಲು ಬರಿಯ ಸೂಜಿಗೊಂಚಲುಗಳಾಗಿ ಹರಳುಗಟ್ಟುತ್ತಿದೆ, ಸೇರ್ಪಡೆಗಳ ಪೆಟ್ಟಿಗೆಯಲ್ಲಿರುವ 96 ರಾಸಾಯನಿಕಗಳಲ್ಲಿ ಯಾವುದರಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಶಿವಮೊಗ್ಗದಲ್ಲಿ ಜೀವರಸಾಯನಶಾಸ್ತ್ರ ಬೋಧಿಸುವ ನನ್ನ ಅಭಿಪ್ರಾಯದಲ್ಲಿ, ಸೂಜಿ ಬಂದಿದೆಯೆಂದರೆ ಅರ್ಧ ದಾರಿ ಸಾಗಿದಂತೆಯೇ. ನಿಮಗೀಗ ಬೇಕಿರುವುದು ಹರಳುಗಟ್ಟುವಿಕೆಯನ್ನು ಚುರುಕುಗೊಳಿಸುವ ವಸ್ತುವಲ್ಲ, ಅದಕ್ಕೆ ತುಸು ತಡೆಯೊಡ್ಡುವ ವಸ್ತು.

ಇದು ವಿಚಿತ್ರವೆನಿಸಿದರೆ ನಮ್ಮ ಜೋನಿಬೆಲ್ಲವನ್ನು ನೆನೆಯಿರಿ: ಅದರಲ್ಲಿರುವ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳು ಉಳಿದ ಸಕ್ಕರೆ ಬೇಗನೆ ಹರಳಾಗದಂತೆ ಅಡ್ಡಿಪಡಿಸುತ್ತವೆ. ಪ್ರೋಟೀನು ಹರಳುಗಟ್ಟುವ ಹನಿಗೆ ಶೇ. 5ರಿಂದ 10ರಷ್ಟು ಗ್ಲಿಸರಾಲ್ ಬೆರೆಸಿದಾಗಲೂ ಅನೇಕ ವೇಳೆ ಹೀಗೆಯೇ ಆಗಿ, ಮೊಳೆಯುವ ಹರಳುಗಳ ಸಂಖ್ಯೆ ತಗ್ಗುತ್ತದೆ ಮತ್ತು ಹುಟ್ಟಿದ ಕೆಲವೇ ಹರಳುಗಳು ನಿಧಾನವಾಗಿ ದಪ್ಪಗೆ ಬೆಳೆಯುತ್ತವೆ. ನಾನಾದರೆ ಇದರಿಂದಲೇ ಆರಂಭಿಸುತ್ತೇನೆ.

ಇನ್ನು ಕೆಲವು ಸೇರ್ಪಡೆಗಳು ಹರಳಿನ ಅಂಗವೇ ಆಗಿಬಿಡುತ್ತವೆ. 1926ರಲ್ಲಿ ಅಮೆರಿಕದ ಔಷಧವಿಜ್ಞಾನಿ ಏಬೆಲ್ ಇನ್ಸುಲಿನ್ನಿನ ಹರಳುಗಳನ್ನು ಪಡೆದಿದ್ದರೂ, ಅದಕ್ಕೆ ಸತುವಿನಂತಹ ಲೋಹ ಅಗತ್ಯವೆಂಬುದನ್ನು ಟೊರಾಂಟೊದ ವಿಜ್ಞಾನಿ ಸ್ಕಾಟ್ ತೋರಿಸಿಕೊಟ್ಟದ್ದು 1934ರಲ್ಲಿ. ಆರು ಇನ್ಸುಲಿನ್ ಅಣುಗಳ ಕೂಟದೊಳಗೆ ಎರಡು ಸತುವಿನ ಅಯಾನುಗಳಿದ್ದು, ಒಂದೊಂದನ್ನೂ ಇನ್ಸುಲಿನ್ನಿನ ಅಮೈನೋ ಆಮ್ಲಗಳಾದ ಮೂರು ಹಿಸ್ಟಿಡಿನ್‌ಗಳು ಹಿಡಿದುಕೊಂಡಿರುತ್ತವೆ ಎಂಬುದು ಅದರ ರಚನೆ ಬಿಡಿಸಿದ ಮೇಲೆ ಸ್ಪಷ್ಟವಾಯಿತು. ಆದ್ದರಿಂದ ಪೆಟ್ಟಿಗೆ ತೆರೆಯುವ ಮುನ್ನ ನಿಮ್ಮ ಪ್ರೋಟೀನಿನ ಸ್ವಭಾವವನ್ನು ವಿಚಾರಿಸಿ: ಅದು ಲೋಹವನ್ನು ಬಯಸುವ ಕಿಣ್ವವೇ, ಅದಕ್ಕೆ ಅಂಟಿಕೊಳ್ಳುವ ಪ್ರತಿಬಂಧಕವೇನಾದರೂ ಇದೆಯೇ, ಮೇಲ್ಮೈಯಲ್ಲಿ ಗಂಧಕವುಳ್ಳ ಅಮೈನೋ ಆಮ್ಲಗಳಾದ ಮುಕ್ತ ಸಿಸ್ಟೀನ್‌ಗಳಿದ್ದು ಡಿಟಿಟಿ ಅಥವಾ ಟಿಸಿಇಪಿ (ಗಂಧಕದ ಬೆಸುಗೆಯನ್ನು ಬಿಡಿಸುವ ವಸ್ತುಗಳು) ಇಲ್ಲದೆ ಅಣುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತಿವೆಯೇ? ಪ್ರೋಟೀನೇ ಅಶುದ್ಧವಾಗಿದ್ದರೆ ಮಾತ್ರ ಯಾವ ಸೇರ್ಪಡೆಯನ್ನೂ ನೆಚ್ಚಿಕೊಳ್ಳಬೇಡಿ.

ನಿಮ್ಮ ಬಫರ್ (ಆಮ್ಲತೆಯನ್ನು ಸ್ಥಿರವಾಗಿಡುವ ದ್ರಾವಣ) ಫಾಸ್ಫೇಟ್ ಆಗಿದ್ದಲ್ಲಿ ಕ್ಯಾಲ್ಸಿಯಂ, ಸತುಗಳನ್ನು ಹಾಕುವ ಮೊದಲು ಬಫರನ್ನೇ ಬದಲಿಸಿ. ಇಲ್ಲವಾದರೆ ಬರುವ ಸುಂದರ ಹರಳುಗಳು ಲವಣದವಾಗಿರುವ ಸಂಭವ ಹೆಚ್ಚು. ಎಥನಾಲ್‌ನಂತಹ ಆವಿಯಾಗುವ ವಸ್ತುವನ್ನು ಹನಿಗೆ ಮಾತ್ರವಲ್ಲದೆ ತಟ್ಟೆಯಲ್ಲಿ ಅದರ ಜೊತೆಗಿರುವ ಮುಚ್ಚಿದ ಗುಳಿಯ, ಅಂದರೆ ಬಾವಿಯ, ದ್ರಾವಣಕ್ಕೂ ಬೆರೆಸಬೇಕು. ಪ್ರತಿ ತಟ್ಟೆಯಲ್ಲಿಯೂ ಸೇರ್ಪಡೆಯ ಬದಲು ಅಷ್ಟೇ ನೀರು ಹಾಕಿದ ಒಂದು ಹನಿ ಇರಲಿ. ಮಲೆನಾಡಿನ ಮಳೆಗಾಲದ ತೇವ ಸರಿಯಾಗಿ ಮುಚ್ಚಿದ ಬಾವಿಯೊಳಗೆ ನುಗ್ಗುವುದಿಲ್ಲ. ಕರೆಂಟು ಹೋದಾಗ ಇನ್‌ಕ್ಯುಬೇಟರಿನ ತಾಪ ಏರಿಳಿಯುವುದೇ ಹೆಚ್ಚು ತೊಂದರೆ, ಆಗ ನೀವು ಕಂಡ ವ್ಯತ್ಯಾಸ ಸೇರ್ಪಡೆಯದೋ ತಾಪದ್ದೋ ಎಂಬುದನ್ನು ಆ ನೀರಿನ ಹನಿಯೊಡನೆ ಹೋಲಿಸಿಯೇ ತಿಳಿಯಬೇಕಾಗುತ್ತದೆ.